22,000 ಕಿಲೋಮೀಟರ್, 9 ಟ್ರ್ಯಾಕ್ ಡೇ, ಒಂದು ಗುಂಯ್ ಸದ್ದು

ಸದ್ದು ಶುರುವಾಗಿದ್ದು 14,000 ಕಿಲೋಮೀಟರ್ ಆಸುಪಾಸಿನಲ್ಲಿ. ಗಂಟೆಗೆ 50 ದಾಟಿದರೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. 70ಕ್ಕೆ ಜೋರಾಗುತ್ತಿತ್ತು. 100 ದಾಟಿದರೆ ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ನಾನು ದಿನಾ ಓಡಿಸುವುದು ಆ 50ರಿಂದ 70ರ ನಡುವೆಯೇ. ಮುಂದೆ ಕೂತಿದ್ದ ಅಮ್ಮ ಒಂದು ದಿನ ಕೇಳಿಯೇಬಿಟ್ಟರು: "ಏನೋ ಇದು, ಕಾರೊಳಗೆ ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀಯಾ?"

ಈ ಟೈರಿನ ವಿಮರ್ಶೆ ಬರೆಯಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಅವತ್ತೇ ಬರೆದಿದ್ದರೆ ಬರೀ ಬೈಗುಳವೇ ಇರುತ್ತಿತ್ತು. ಬ್ರ್ಯಾಂಡಿನ ಹೆಸರು ಹಾಕುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ನನ್ನದು ಮುಂದಿನ ಚಕ್ರ ಎಳೆಯುವ ಹ್ಯಾಚ್‌ಬ್ಯಾಕ್, 225/45 ಆರ್17 ಅಳತೆಯ ಟೈರು. ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್ ಡೇ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಉಳಿದ ದಿನ ಆಫೀಸು, ತರಕಾರಿ, ಸಂಬಂಧಿಕರ ಮನೆ. ಟ್ರ್ಯಾಕಿಗೆ ಅಂತ ಇನ್ನೊಂದು ಸೆಟ್ ಚಕ್ರ ಇಟ್ಟುಕೊಳ್ಳುವವರನ್ನು ಕಂಡರೆ ಹೊಟ್ಟೆಯುರಿಯುತ್ತದೆ. ನನ್ನ ಹತ್ತಿರ ಇಡಲು ಜಾಗವೂ ಇಲ್ಲ, ತರಲು ದುಡ್ಡೂ ಇಲ್ಲ. ಹಾಗಾಗಿ ಒಂದೇ ಸೆಟ್ ಎಲ್ಲಕ್ಕೂ ಆಗಬೇಕಿತ್ತು.

ಗೆಳೆಯರೆಲ್ಲ 200 ಟ್ರೆಡ್‌ವೇರ್ ತಗೋ ಅಂದರು. ಟ್ರೆಡ್‌ವೇರ್ ಅಂದರೆ ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಅನ್ನುವ ಅಂಕಿ, ಕಡಿಮೆ ಇದ್ದರೆ ಸಾಮಾನ್ಯವಾಗಿ ಬೇಗ ಸವೆತ, ಹಿಡಿತ ಜಾಸ್ತಿ. ನಾನು 300ರದ್ದು ತಗೊಂಡೆ. ಈ ಸಂಖ್ಯೆಯನ್ನು ಜಾಸ್ತಿ ನಂಬಬೇಡಿ. ಅದನ್ನು ಕೊಡುವುದು ಟೈರು ಮಾಡುವ ಕಂಪನಿಯೇ. ಒಬ್ಬರ 300ಕ್ಕೂ ಇನ್ನೊಬ್ಬರ 300ಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಒಂದೇ ಕಂಪನಿಯ ಎರಡು ಟೈರು ಹೋಲಿಸುವುದಕ್ಕೆ ಆದೀತು, ಅಷ್ಟೇ. ನಾನು 300 ಆರಿಸಿದ್ದಕ್ಕೆ ಕಾರಣ ಮಳೆ. 200ರ ಟೈರುಗಳಲ್ಲಿ ಎಷ್ಟೋ ಬಾರಿ ತೋಡು ಕಡಿಮೆ, ಹೊಸದರಲ್ಲೇ ಆಳವೂ ಕಡಿಮೆ. ನಾನು ಮಳೆಯಲ್ಲೂ ಮನೆ ಸೇರಬೇಕಲ್ವಾ?

ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಈ ಟೈರಿನ ಮೇಲೆ ಬಾಣದ ತಲೆಯಂಥ ವಿನ್ಯಾಸ ಇದೆ. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರು, ಪಕ್ಕದಲ್ಲಿ ಬಾಣದ ಗುರುತು. ನೋಡಲು ಏನು ಚೆಂದ! ಬಿಲ್ಲು ಕಟ್ಟುವಾಗ ನಾಲ್ಕಂಕಿಯ ತಯಾರಿಕೆ ಸಂಖ್ಯೆ ಮಾತ್ರ ನೋಡಿದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಹೊಸ ಸರಕೇ ಇತ್ತು. ಮಿಕ್ಕಿದ್ದನ್ನು ವಿಚಾರ ಮಾಡಲಿಲ್ಲ.

ಮೊದಲ ವರ್ಷ ಒಂದು ದೂರೂ ಇರಲಿಲ್ಲ. ಮಳೆಯಲ್ಲಿ ನೀರು ನಿಂತ ಜಾಗದಲ್ಲಿ ಹಳೆ ಟೈರು ಸ್ಟೇರಿಂಗನ್ನು ಕಿತ್ತುಕೊಂಡಂತೆ ಆಡುತ್ತಿತ್ತು. ಇದು ನೀರನ್ನು ಎರಡೂ ಬದಿಗೆ ಎಸೆದು ಸುಮ್ನೆ ಹೋಗುತ್ತದೆ. ಕೊರೆಯುವ ಚಳಿಯ ಬೆಳಗ್ಗೆ, 7 ಡಿಗ್ರಿಗಿಂತ ಕೆಳಗೆ, ಮಾತ್ರ ಪ್ಲಾಸ್ಟಿಕ್ ಥರ ಗಟ್ಟಿ. ಬೇಸಿಗೆ ಟೈರುಗಳೆಲ್ಲ ಹಾಗೇ.

ಟ್ರ್ಯಾಕಿನಲ್ಲಿ ಇದು ನನಗೆ ಕೊಟ್ಟ ಖುಷಿ ಗ್ರಿಪ್ಪಿನದ್ದಲ್ಲ, ಗಾಳಿಯದ್ದು. ನಗಬೇಡಿ. ಬೆಳಗ್ಗೆ ಬಿಸಿಲು ಬೀಳುವ ಮೊದಲೇ ಮಂಡಿಯೂರಿ ನಾಲ್ಕೂ ಟೈರಿನ ಗಾಳಿ ನೋಡುತ್ತೇನೆ. ಬಿಸಿಲಿಗೆ ನಿಂತ ಬದಿ ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸಿ ಮೋಸ ಮಾಡುತ್ತದೆ. ತಣ್ಣಗಿದ್ದಾಗ 33. ಆಮೇಲೆ ಟೈರಿನ ಭುಜದಿಂದ (ರಸ್ತೆಗೆ ತಾಗುವ ಭಾಗದ ಅಂಚು) ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಪ್ರತಿ ಟೈರಿಗೆ ಮೂರು ಕಡೆ. ಐದು ಸುತ್ತು ಹೊಡೆದು ಬಂದು ಬಗ್ಗಿ ನೋಡುವುದು. ಗೆರೆ ಭುಜದ ಅಂಚಿನವರೆಗೆ ಮಾತ್ರ ಅಳಿಸಿದ್ದರೆ ಸರಿ. ಪಕ್ಕದ ಗೋಡೆಗೂ ಇಳಿದಿದ್ದರೆ ಟೈರು ಮಗುಚಿಕೊಳ್ಳುತ್ತಿದೆ, ಗಾಳಿ ಸಾಲದು. ಅಂಚು ಮುಟ್ಟದೆ ಮೇಲೇ ನಿಂತಿದ್ದರೆ ಗಾಳಿ ಜಾಸ್ತಿ. ಆ ಹೊತ್ತಿಗೆ 33 ಇದ್ದದ್ದು 41 ಆಗಿರುತ್ತದೆ. ಸುಸ್ಸ್ ಅಂತ ಬಿಟ್ಟು 37ಕ್ಕೆ ತರುತ್ತೇನೆ. ಬಿಸಿ ರಬ್ಬರಿನ ವಾಸನೆ, ಬೆರಳಿಗೆ ಅಂಟುವ ಕರಿ, ಪಕ್ಕದವರ ಗೇಜ್ ಬೇರೆ, ನಮ್ಮದು ಬೇರೆ ಅಂತ ಸಣ್ಣ ಜಗಳ. ಓಡಿಸುವುದಕ್ಕಿಂತ ಇದರಲ್ಲೇ ನನಗೆ ಮಜಾ ಜಾಸ್ತಿ ಅನ್ನಿಸಿದ್ದುಂಟು.

ಒಮ್ಮೆ ಸಂಜೆ ಮತ್ತೆ ಗಾಳಿ ತುಂಬುವುದು ಮರೆತೆ. ಬಿಸಿಯಲ್ಲಿ 37 ಇದ್ದದ್ದು ರಾತ್ರಿ ತಣಿದು 30ರ ಕೆಳಗಿಳಿದಿತ್ತು. ಮರುದಿನ ಆಫೀಸಿಗೆ ಹೋಗುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಈಗ ಸ್ಟೇರಿಂಗಿಗೆ ಚೀಟಿ ಅಂಟಿಸಿಯೇ ಮನೆಗೆ ಹೊರಡುವುದು.

ಸರಿ, ಸದ್ದಿಗೆ ಬರೋಣ. ಮೊದಲು ನನಗೆ ಬಂದ ಅನುಮಾನ ವೀಲ್ ಬೇರಿಂಗ್ ಮೇಲೆ. ಬದಲಿಸಿದೆ. ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ. ಬದಲಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದಿತ್ತು. ಬೇರಿಂಗ್ ಹೋಗಿದ್ದರೆ ಉದ್ದ ತಿರುವಿನಲ್ಲಿ ಭಾರ ಒಂದು ಬದಿಗೆ ಬಿದ್ದಾಗ ಸದ್ದು ಏರುತ್ತದೆ ಅಥವಾ ಇಳಿಯುತ್ತದೆ. ನನ್ನ ಕಾರಿನಲ್ಲಿ ತಿರುವಿಗೂ ಸದ್ದಿಗೂ ಸಂಬಂಧವೇ ಇರಲಿಲ್ಲ. ಇನ್ನೂ ಸುಲಭದ್ದು, ಮುಂದಿನ ಚಕ್ರ ಹಿಂದಕ್ಕೆ ಹಾಕಿ ನೋಡುವುದು. ಸದ್ದೂ ಹಿಂದೆ ಹೋದರೆ ಟೈರಿನದ್ದೇ. ಅದನ್ನು ಮಾಡಿದ್ದು ಬೇರಿಂಗ್ ಬಿಲ್ಲು ಕಟ್ಟಿದ ಮೇಲೆ. ಸದ್ದು ನೆಟ್ಟಗೆ ಹಿಂದಿನ ಸೀಟಿಗೆ ಹೋಯಿತು.

ಅಲ್ಲಿಂದ ಟೈರಿಗೆ ಬೈಯುವುದು ಶುರು. ನಡುವಿನಲ್ಲಿ 5 ಮಿಲಿಮೀಟರ್ ಟ್ರೆಡ್ (ತೋಡಿನ ಆಳ) ಇದೆ, ಹೊರಗಿನ ಭುಜದಲ್ಲಿ 3 ಕೂಡ ಇಲ್ಲ! ಅದೂ ಒಂದೇ ದಿಕ್ಕಿನ ಟೈರು. ಬಲದ್ದು ಎಡಕ್ಕೆ ಹಾಕೋಣ ಅಂದರೆ ಬಾಣ ಹಿಂದಕ್ಕೆ ತಿರುಗುತ್ತದೆ. ಹಾಕಿದರೂ ಸವೆದ ಭುಜ ಹೊರಗೇ ಇರುತ್ತದೆ. ಚೆಂದ ನೋಡಿ ತಗೊಂಡಿದ್ದಕ್ಕೆ ತಕ್ಕ ಶಾಸ್ತಿ ಅಂದುಕೊಂಡೆ. ಎರಡು ನಕ್ಷತ್ರದ ವಿಮರ್ಶೆ ತಲೆಯಲ್ಲೇ ಪೂರ್ತಿ ಬರೆದಾಗಿತ್ತು.

ಟೈರ್ ಅಂಗಡಿಯ ಹಿರಿಯರೊಬ್ಬರು ಮಾತಾಡದೆ ನನ್ನ ಅಂಗೈ ಹಿಡಿದು ಟೈರಿನ ಮೇಲಿಟ್ಟರು. "ಹೊರಗಿಂದ ಒಳಗೆ ಸವರಿ" ಅಂದರು. ನುಣುಪಾಗಿತ್ತು. "ಈಗ ಒಳಗಿಂದ ಹೊರಗೆ." ಕೈ ಗರಗಸದ ಮೇಲೆ ಎಳೆದ ಹಾಗಾಯಿತು. ಟ್ರೆಡ್ಡಿನ ಒಂದೊಂದು ರಬ್ಬರ್ ತುಂಡಿನ ಒಳ ಅಂಚೂ ಚೂಪಾಗಿ ಎದ್ದು ನಿಂತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತಿತ್ತು. ಆ ಚೂಪು ಅಂಚುಗಳು ರಸ್ತೆಗೆ ಬಡಿಯುವುದೇ ಅಮ್ಮನ ಗಿರಣಿ.

"ಟೋ ಒಳಗೆ ಜಾಸ್ತಿ ಇದೆ ಸಾರ್. ಯಾವಾಗ ಅಲೈನ್‌ಮೆಂಟ್ ಮಾಡಿಸಿದ್ದು?"

ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅಲೈನ್‌ಮೆಂಟ್ ಅಂದರೆ ಚಕ್ರಗಳ ಇಂಥ ಕೋನ ಸರಿ ಮಾಡಿಸುವುದು. ಉತ್ತರ ಕೊಡಲು ನಾಚಿಕೆಯಾಯಿತು. ಟೈರು ಹಾಕಿಸಿದ ದಿನ ಮಾಡಿಸಿದ್ದೇ ಕೊನೆ. ಆಮೇಲೆ ಎಷ್ಟು ಹಳ್ಳ ಹಾರಿಸಿದ್ದೆನೋ. ಮುಂದಿನ ಎರಡೂ ಚಕ್ರ ಒಂದನ್ನೊಂದು ನೋಡುತ್ತಾ, ಟೈರನ್ನು ಅಡ್ಡಕ್ಕೆ ಉಜ್ಜುತ್ತಾ ಓಡುತ್ತಿದ್ದವು. ಅದರ ಮೇಲೆ ಟ್ರ್ಯಾಕಿನ ತಿರುವು. ನನ್ನ ಕಾರಿಗೆ ಕಂಪನಿಯವರು ಇಟ್ಟ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಕಡಿಮೆ, ತಿರುವಿನಲ್ಲಿ ಕಾರು ವಾಲಿದಾಗ ಭಾರವೆಲ್ಲ ಹೊರಭುಜಕ್ಕೇ ಬೀಳುತ್ತದೆ. ಟೈರು ಪಾಪ, ನಾನು ಕೊಟ್ಟ ಪೆಟ್ಟನ್ನೇ ತಿಂದಿತ್ತು.

ಮುಂದಿನ ಮಾತಿಗೆ ನಾನು ತಯಾರಿರಲಿಲ್ಲ. "ಒಂದೇ ದಿಕ್ಕಿನದ್ದು ತಗೊಂಡಿದ್ದು ಒಳ್ಳೆಯದೇ ಆಯ್ತು" ಅಂದರು. ಒಳಬದಿ, ಹೊರಬದಿ ಅಂತ ಗುರುತಿರುವ ಟೈರನ್ನು ಎಡದಿಂದ ಬಲಕ್ಕೆ ಹಾಕಬಹುದು, ಆದರೆ ರಿಮ್ಮಿನ ಮೇಲೆ ಮಗುಚಿ ಹಾಕುವ ಹಾಗಿಲ್ಲ. ಸವೆದ ಹೊರಭುಜ ಸಾಯುವವರೆಗೂ ಹೊರಗೇ. ನನ್ನದನ್ನು ರಿಮ್ಮಿನಿಂದ ಕಳಚಿ, ಮಗುಚಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಬಾಣ ಮುಂದಕ್ಕೇ ಇರುತ್ತದೆ, ಸವೆದ ಭುಜ ಒಳಗೆ ಹೋಗುತ್ತದೆ. ನಾನು ಶಪಿಸುತ್ತಿದ್ದ ಗುಣವೇ ಟೈರನ್ನು ಉಳಿಸಿತು. ಅಲ್ಲೇ ನೆಲದ ಮೇಲೆ ಎರಡು ನಾಣ್ಯ ಇಟ್ಟು ತಿರುಗಿಸಿ ನೋಡಿದ ಮೇಲೇ ನನಗೆ ನಂಬಿಕೆ ಬಂದಿದ್ದು.

ಮಗುಚಿಸಿ, ಬ್ಯಾಲೆನ್ಸ್ ಮಾಡಿಸಿ, ಟೋ ಸರಿ ಮಾಡಿಸಿ, ಕ್ಯಾಂಬರನ್ನು ಸಿಕ್ಕಷ್ಟು ಒಳಗೆ ವಾಲಿಸಿದ್ದಾಯಿತು. ಸದ್ದು ತಕ್ಷಣ ಹೋಗಲಿಲ್ಲ. ಚೂಪು ಅಂಚು ಈಗ ಹೊರಗಡೆ ಮುಖ ಮಾಡಿತ್ತು, ಓಡುತ್ತಾ ಓಡುತ್ತಾ ಸವೆಯಬೇಕಿತ್ತು. ಸುಮಾರು 1,500 ಕಿಲೋಮೀಟರಿಗೆ ಅರ್ಧ ಆಯಿತು, 3,000ಕ್ಕೆ ಕಿವಿಗೊಟ್ಟರೆ ಮಾತ್ರ ಕೇಳುತ್ತಿತ್ತು. ಈಗ ಕಾರು ತೊಳೆಯುವಾಗೆಲ್ಲ ಅಂಗೈ ಆ ಕಡೆ, ಈ ಕಡೆ ಸವರುವುದು ಅಭ್ಯಾಸವಾಗಿದೆ. ಪಕ್ಕದ ಮನೆಯವರು ಕಾರನ್ನು ಮುದ್ದು ಮಾಡ್ತಿದ್ದಾನೆ ಅಂದುಕೊಂಡಿರಬಹುದು.

ಒಂದು ದೂರು ಉಳಿದಿದೆ. 9 ಟ್ರ್ಯಾಕ್ ಡೇ ಬಿಸಿ ತಿಂದು ರಬ್ಬರು ಗಟ್ಟಿಯಾಗಿದೆ. ಮೊದಲ ವರ್ಷ ಆರನೇ ಸುತ್ತಿಗೆ ಜಾರಲು ಶುರುವಾಗುತ್ತಿತ್ತು, ಈಗ ನಾಲ್ಕನೆಯದಕ್ಕೇ ಎಣ್ಣೆ ಸವರಿದಂತೆ. ಟ್ರೆಡ್ ಕಣ್ಣಿಗೆ ಇನ್ನೂ ಇದೆ, ಹಿಡಿತ ಮೊದಲಿನಷ್ಟಿಲ್ಲ. ಟ್ರ್ಯಾಕಿನ ಸಮಯವೇ ನಿಮಗೆ ಮುಖ್ಯ ಆದರೆ ಇದು ಬೇಡ, 200ರದ್ದೇ ತಗೊಳ್ಳಿ, ಮಳೆಗೆ ಬೇರೆ ದಾರಿ ನೋಡಿಕೊಳ್ಳಿ. ಅದೇ ಕಾರಿನಲ್ಲಿ ಹೋಗಿ ಅದೇ ಕಾರಿನಲ್ಲಿ ಮನೆಗೆ ಬರುವವರಿಗೆ ಇದು ಆದೀತು.

ಐದಕ್ಕೆ ನಾಲ್ಕು. ಕಳೆದ ಒಂದು ನಕ್ಷತ್ರ ಗಟ್ಟಿಯಾದ ರಬ್ಬರಿಗೆ. ಸದ್ದಿನ ಬಾಬ್ತು ಕಳೆಯಬೇಕಾದ್ದು ನನ್ನ ಲೆಕ್ಕದಲ್ಲಿ. ಮುಂದಿನ ತಿಂಗಳು ಇವುಗಳ ಹತ್ತನೇ ಟ್ರ್ಯಾಕ್ ಡೇ, ಅಲೈನ್‌ಮೆಂಟಿಗೆ ಹಿಂದಿನ ಶನಿವಾರವೇ ಹೆಸರು ಬರೆಸಿದ್ದೇನೆ.