ದೋಣಿಹೊಟ್ಟೆಯೋ, ಫ್ಲೋಟಿನ ಕಾಲೋ?

ನನ್ನ ಹತ್ತಿರ ನೀರಿಗಿಳಿಯುವ ಎರಡು ರಿಮೋಟ್ ವಿಮಾನಗಳಿವೆ. ಒಂದರ ಹೊಟ್ಟೆಯೇ ದೋಣಿ. ಮೋಟಾರು ರೆಕ್ಕೆಯ ಮೇಲೆ, ಕಂಬದ ತುದಿಯಲ್ಲಿ. ಇನ್ನೊಂದು ಸಾಧಾರಣ ಟ್ರೈನರ್, ಅಂದರೆ ಕಲಿಯುವವರ ವಿಮಾನ. ಚಕ್ರ ಬಿಚ್ಚಿ, ನೀರಿನ ಮೇಲೆ ತೇಲಿಸುವ ಎರಡು ಫ್ಲೋಟ್ ಕಟ್ಟಿದ್ದೆ. ಎರಡೂ ಫೋಮಿನವು, ಎರಡಕ್ಕೂ ಅದೇ 2200 ಎಂಎಎಚ್‌ನ ಮೂರು ಸೆಲ್ ಬ್ಯಾಟರಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಶಿರಸಿ ಕಡೆ ನಮ್ಮ ಹುಲ್ಲಿನ ಬೇಣದಲ್ಲಿ, ಊರ ಕೆರೆಯಲ್ಲಿ, ಆಮೇಲೆ ಕುಮಟಾ ಹತ್ತಿರ ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನಿಲ್ಲುವ ತಗ್ಗುಗದ್ದೆಯಲ್ಲಿ, ಎರಡನ್ನೂ ಹಾರಿಸಿದೆ.

ಕಾರವಾರದ ಕಡಲು ಯಾಕೆ ಬೇಡ ಅಂತ ಕೇಳಬೇಡಿ. ಅರ್ಗಾದಲ್ಲಿ ನೌಕಾನೆಲೆ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ. ಎಲ್ಲಿ ಹಾರಿಸುವುದಾದರೂ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಹುಲ್ಲಿನ ಮೇಲೆ ದೋಣಿಹೊಟ್ಟೆಯದೇ ಮೇಲುಗೈ. ಬೆಳಿಗ್ಗೆ ಏಳಕ್ಕೆ ಇಬ್ಬನಿ ಇರುವಾಗ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಹದಿನೈದು ಹೆಜ್ಜೆಯೊಳಗೆ ಮೇಲೇಳುತ್ತದೆ. ಹತ್ತು ಗಂಟೆಗೆ ಹುಲ್ಲು ಒಣಗಿದರೆ ಅದೇ ಜಾಗದಲ್ಲಿ ಮೂಗು ಚುಚ್ಚಿಕೊಂಡು ಕೂರುತ್ತದೆ. ಮೋಟಾರು ಎತ್ತರದಲ್ಲಿದೆ ಅಲ್ವಾ, ಥ್ರಾಟಲ್ ಕೊಟ್ಟಷ್ಟೂ ಮೂಗು ಬಗ್ಗುತ್ತದೆ. ಆಗ ಮೂಗು ಎತ್ತಿಸುವ ಬಾಲದ ಪಟ್ಟಿ, ಅಂದರೆ ಎಲೆವೇಟರ್, ಸ್ವಲ್ಪ ಎಳೆದು ಹಿಡಿದು, ಕೈಯಿಂದ ಎಸೆಯುವುದೇ ವಾಸಿ. ಹೊಟ್ಟೆಗೆ ಎರಡು ಸುತ್ತು ಪ್ಯಾಕಿಂಗ್ ಟೇಪ್ ಹಚ್ಚಿಡಿ. ಇಲ್ಲದಿದ್ದರೆ ಚಿರೆಕಲ್ಲಿನ ಚೂರು ಫೋಮನ್ನು ಕೊರೆದುಬಿಡುತ್ತದೆ.

ಫ್ಲೋಟಿನದನ್ನು ಬೇಣದಲ್ಲಿ ಮೂರು ಸಲ ಇಳಿಸಿದೆ, ಎರಡು ಸಲ ಪಲ್ಟಿ. ಫ್ಲೋಟಿನ ಮೂತಿ ಹುಲ್ಲಿನ ಬುಡಕ್ಕೆ ಸಿಕ್ಕಿದರೆ ಹಿಂದಿನದೆಲ್ಲ ತಲೆಯ ಮೇಲೆ ಬರುತ್ತದೆ. ತಂತಿ ಕಾಲು ನೆಟ್ಟಗೆ ಮಾಡುವುದರಲ್ಲೇ ಒಂದು ಭಾನುವಾರ ಹೋಯಿತು.

ಕೆರೆಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ಫ್ಲೋಟಿನದು ಎರಡು ಕಾಲು ಅಗಲಿಸಿ ಗಟ್ಟಿಯಾಗಿ ನಿಲ್ಲುತ್ತದೆ. ಹಿಂದೆ ನೀರಿನ ರಡರ್ ಇರುವುದರಿಂದ ಹೇಳಿದ ಕಡೆ ತಿರುಗುತ್ತದೆ. ದೋಣಿಹೊಟ್ಟೆಗೆ ಅಡ್ಡಗಾಳಿ ಬಂದರೆ ಗಾಳಿಕೋಳಿಯ ಹಾಗೆ ಗಾಳಿಯತ್ತ ಮುಖ ಮಾಡುತ್ತದೆ, ರೆಕ್ಕೆಯ ತುದಿ ನೀರು ಕುಡಿಯುತ್ತದೆ. ನಿಧಾನ ಓಡಾಟವೇ ನಿಮ್ಮ ಖುಷಿಯಾದರೆ ಫ್ಲೋಟ್ ತಗೊಳ್ಳಿ, ನಾನು ತಕರಾರು ಮಾಡುವುದಿಲ್ಲ.

ಏಳುವ ವಿಷಯದಲ್ಲಿ ಎರಡಕ್ಕೂ ಒಂದೇ ಕಾಟ. ಕೆರೆ ಕನ್ನಡಿಯಂತಿದ್ದರೆ ನೀರು ತಳವನ್ನು ಬಿಡುವುದೇ ಇಲ್ಲ. ತಳದ ಮಧ್ಯೆ ಒಂದು ಮೆಟ್ಟಿಲು ಮಾಡಿರುವುದೇ ಅದಕ್ಕೆ. ವೇಗ ಬಂದಾಗ ಆ ಮೆಟ್ಟಿಲಿನ ಮೇಲೆ ಏರಿ, ಹಿಂದಿನ ಭಾಗ ನೀರಿನಿಂದ ಬಿಡಿಸಿಕೊಳ್ಳಬೇಕು. ನಾನು ಮಾಡುವುದಿಷ್ಟೆ: ಮೊದಲು ನೀರಿನಲ್ಲೇ ಒಂದು ಸುತ್ತು ಹೊಡೆದು ಅಲೆ ಎಬ್ಬಿಸುತ್ತೇನೆ. ಆಮೇಲೆ ಅದೇ ಅಲೆಗೆ ಅಡ್ಡವಾಗಿ ಓಡಿಸುತ್ತೇನೆ. ಟಪ್ ಟಪ್ ಅಂತ ನಾಲ್ಕು ಸದ್ದು, ಐದನೆಯದು ಕೇಳಿಸುವುದಿಲ್ಲ. ಅಲ್ಲಿಗೆ ಎದ್ದಿತು ಅಂತ.

ಗಜನಿಯ ನೀರು ವಿಶಾಲ, ಸಮತಟ್ಟು. ಆದರೆ ಉಪ್ಪು. ಸಮುದ್ರಗಾಳಿ ಜೋರಾಗುವ ಮೊದಲೇ, ಬೆಳಿಗ್ಗೆಯೇ ಮುಗಿಸಬೇಕು. ಇಳಿತದ ಹೊತ್ತಿಗೆ ಬಳಚಿನ ಚಿಪ್ಪು ಮೇಲೆ ಕಾಣುತ್ತದೆ, ಅದು ಬ್ಲೇಡಿನ ಹಾಗೆ. ದೋಣಿಹೊಟ್ಟೆಯ ಮೋಟಾರು ಎತ್ತರದಲ್ಲಿರುವುದರಿಂದ ಹನಿ ಕಡಿಮೆ ತಾಗುತ್ತದೆ. ಫ್ಲೋಟಿನದರ ಮೋಟಾರು ಮೂಗಿನಲ್ಲೇ ಇದೆ, ಪ್ರತಿ ಸಲ ಉಪ್ಪಿನ ಸ್ನಾನ. ಒಮ್ಮೆ ಸುಮ್ನೆ ಉದಾಸೀನ ಮಾಡಿ ತೊಳೆಯದೆ ಇಟ್ಟೆ. ವಾರ ಕಳೆದು ಕೈಯಿಂದ ತಿರುಗಿಸಿದರೆ ಬೇರಿಂಗ್ ಕರಕರ ಅಂದಿತು. ಈಗ ಎರಡು ಬಾಟಲಿ ಬಾವಿನೀರು ಒಯ್ಯುತ್ತೇನೆ, ಬ್ಯಾಟರಿ ತೆಗೆದು ಅಲ್ಲೇ ತೊಳೆಯುತ್ತೇನೆ.

ಕೊನೆಯ ಸಲ ಫ್ಲೋಟಿನದು ಗಜನಿಯ ನಡುವೆ ಮಗುಚಿತು. ದೋಣಿಯಲ್ಲಿ ಹೋಗುತ್ತಿದ್ದವರೊಬ್ಬರು ಎತ್ತಿಕೊಂಡು ಬಂದರು. "ಇದೆಂತ ಮಾರಾಯ್ರೆ, ಹಾರೂದೋ ಮುಳುಗೂದೋ?" ಅಂದರು. ಎಡಗಡೆಯ ಫ್ಲೋಟ್ ಅಲ್ಲಾಡಿಸಿದರೆ ಗುಳುಗುಳು ಸದ್ದು. ಅಂಟು ಬಿಟ್ಟ ಸೀಳಿನಲ್ಲಿ ನೀರು ತುಂಬಿತ್ತು. ಕೆಳಗೆ ಬಗ್ಗಿಸಿದೆ, ನೀರಿನ ಜೊತೆ ಒಂದು ಸಣ್ಣ ಶೆಟ್ಲಿಯೂ (ಸಿಗಡಿ) ಜಿಗಿದು ಬಿತ್ತು. ಫ್ಲೋಟ್ ಈಗ ಅಟ್ಟದಲ್ಲಿದೆ, ಟ್ರೈನರಿಗೆ ಮತ್ತೆ ಚಕ್ರ ಬಂದಿದೆ. ಗಜನಿಗೆ ದೋಣಿಹೊಟ್ಟೆ ಒಂದೇ ಹೋಗುತ್ತದೆ.