ಇಲಿಗಳ ಮಿದುಳಿನ ಒತ್ತಡ ಅಳೆಯುವ ಟೆಲಿಮೆಟ್ರಿ ಉಪಕರಣ: ದೀರ್ಘ ಬಳಕೆಯ ನಂತರ

ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ತಲೆಗೆ ಪೆಟ್ಟಾದ ಇಲಿಗಳ ಬುರುಡೆಯೊಳಗಿನ ಒತ್ತಡವನ್ನು ದಾಖಲಿಸಲು ಈ ನಿಸ್ತಂತು (ಟೆಲಿಮೆಟ್ರಿ) ಉಪಕರಣವನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಹಿಂದಿನ ಕ್ಯಾತಿಟರ್ (ಸಪೂರ ಕೊಳವೆ) ವ್ಯವಸ್ಥೆಯಲ್ಲಿ ಇಲಿಯನ್ನು ಅರಿವಳಿಕೆಯಲ್ಲೇ ಇರಿಸಬೇಕಿತ್ತು. ಅರಿವಳಿಕೆಗೆ ಕೊಡುವ ಐಸೋಫ್ಲುರೇನ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನಾವು ಅಳೆಯಹೊರಟ ಒತ್ತಡವೇ ಏರುಪೇರಾಗುತ್ತಿತ್ತು. ಈಗ ಇಲಿ ಪಂಜರದಲ್ಲಿ ಓಡಾಡಿಕೊಂಡಿರುವಾಗಲೇ ದಾಖಲೆ ಸಿಗುತ್ತದೆ. ಅದು ಹಿಂಗಾಲ ಮೇಲೆ ಎದ್ದು ನಿಂತರೆ ಗೆರೆ ತುಸು ಇಳಿಯುತ್ತದೆ, ಉಸಿರಿನ ಅಲೆ ಮತ್ತು ನಾಡಿಯ ಅಲೆ ಬೇರೆಬೇರೆಯಾಗಿ ಕಾಣುತ್ತವೆ. ಪೆಟ್ಟಿನ ನಂತರ ಮಿದುಳಿನ ಬಾವು ಏರುವ ಮೊದಲ ಒಂದೆರಡು ದಿನಗಳಿಗಾಗಿಯೇ ಇದನ್ನು ಕೊಳ್ಳಬಹುದು.

ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ವಾಯುಭಾರದ ವಿಷಯ. ದೇಹದೊಳಗೆ ಮುಚ್ಚಿರುವ ಸಂವೇದಕ ಅಳೆಯುವುದು ನಿರಪೇಕ್ಷ ಒತ್ತಡವನ್ನು. ಅದರಲ್ಲಿ ಹೊರಗಿನ ವಾಯುಭಾರವನ್ನು ಕಳೆದ ಮೇಲಷ್ಟೇ ಮಿದುಳಿನ ಒತ್ತಡ ಸಿಗುತ್ತದೆ. ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸದಷ್ಟಿರುವ ವಾಯುಭಾರ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 680ರ ಆಸುಪಾಸಿನಲ್ಲಿರುತ್ತದೆ. ಅಷ್ಟೇ ಅಲ್ಲ, ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ 2-3 ಮಿ.ಮೀ. ಇಳಿಯುತ್ತದೆ. ಆರೋಗ್ಯವಂತ ಇಲಿಯ ಮಿದುಳಿನ ಒತ್ತಡ ಸಾಮಾನ್ಯವಾಗಿ ಒಂದಂಕಿಯಲ್ಲೇ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ. ವಾಯುಭಾರಮಾಪಕವನ್ನು ಬೇರೆಯಾಗಿ ಕೊಳ್ಳಲು ಹೇಳುವ ಮಾರಾಟಗಾರರೂ ಇದ್ದಾರೆ. ಅದನ್ನು ಬಿಟ್ಟು ಕೊಟೇಶನ್ ತೆಗೆದುಕೊಳ್ಳಬೇಡಿ.

ಅಳತೆ ಸರಿಯಿದೆಯೇ ಎಂದು ನೋಡಲು ದುಬಾರಿ ಸಲಕರಣೆ ಬೇಕಿಲ್ಲ. 13.6 ಸೆಂ.ಮೀ. ಎತ್ತರದ ನೀರಿನ ಕಂಬದ ಬುಡದಲ್ಲಿ ಓದು 10 ಮಿ.ಮೀ. ಪಾದರಸದಷ್ಟು ಏರಬೇಕು. ಅಳವಡಿಸುವ ಮೊದಲೂ ಹೊರತೆಗೆದ ಮೇಲೂ ಇದನ್ನು ಮಾಡುತ್ತೇವೆ, ಏಕೆಂದರೆ ಒಮ್ಮೆ ಒಳಗೆ ಹೋದ ಸಂವೇದಕದ ಸೊನ್ನೆಯನ್ನು ಮತ್ತೆ ಹೊಂದಿಸಲು ಬರುವುದಿಲ್ಲ. ನಮ್ಮ ಉಪಕರಣದಲ್ಲಿ ಸೊನ್ನೆ ಜರುಗಿದ್ದು ಕಡಿಮೆ. ತೊಂದರೆ ಬಂದದ್ದೆಲ್ಲ ಬುರುಡೆಯ ರಂಧ್ರದ ಬಳಿ: ಡೆಂಟಲ್ ಸಿಮೆಂಟ್ ಹಾಕುವ ಮೊದಲು ಮೂಳೆ ಪೂರ್ತಿ ಒಣಗಿರದಿದ್ದರೆ ದ್ರವ ಜಿನುಗಿ ಒತ್ತಡ ಸುಳ್ಳಾಗಿ ಕೆಳಗಿಳಿಯುತ್ತದೆ. ಸರಾಸರಿ ಅಂಕಿ ಸರಿಯಾಗಿಯೇ ಕಂಡರೂ ನಾಡಿಯ ಅಲೆ ಚಪ್ಪಟೆಯಾದರೆ ಸಂವೇದಕದ ತುದಿ ಕಟ್ಟಿಕೊಂಡಿದೆಯೆಂದು ತಿಳಿಯಬೇಕು.

ಸರ್ವಿಸ್ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಸಂವೇದಕದ ಓದನ್ನು ನಿಸ್ತಂತುವಾಗಿ ಕಳುಹಿಸುವ, ಬ್ಯಾಟರಿ ಮುಗಿದ ಟ್ರಾನ್ಸ್‌ಮಿಟರ್ ವಿದೇಶಕ್ಕೆ ಹೋಗಿ ಬರಲು ತಿಂಗಳುಗಳೇ ಹಿಡಿಯುತ್ತವೆ, ಫೋನ್ ಮಾಡಿದರೆ ಕಸ್ಟಮ್ಸ್ ಕಡೆ ಕೈ ತೋರಿಸುತ್ತಾರೆ. ಆದ್ದರಿಂದ ಒಂದಾದರೂ ಹೆಚ್ಚುವರಿ ಟ್ರಾನ್ಸ್‌ಮಿಟರನ್ನು ಮೊದಲ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಪೆಟ್ಟಿನ ನಂತರದ ಕೆಲವೇ ಗಂಟೆಗಳ, ಅರಿವಳಿಕೆಯಲ್ಲೇ ಮುಗಿಯುವ ಪ್ರಯೋಗವಾದರೆ ಇಷ್ಟು ಖರ್ಚು ಬೇಡ. ಬೆಳಕಿನ ಎಳೆಯ ಮೂಲಕ ಅಳೆಯುವ ಫೈಬರ್ ಆಪ್ಟಿಕ್ ಸಂವೇದಕ ಸಾಕು.