ಸ್ಟ್ರೋಕ್ ನಂತರ ಕೈಗೆ ಟಿಡಿಸಿಎಸ್: 14 ತಿಂಗಳ ಅನುಭವ (5ಕ್ಕೆ 4)

ಸ್ಟ್ರೋಕ್ ಆದಾಗ ನನ್ನ ಬಲಭಾಗ ಪೂರ್ತಿ ಸ್ವಾಧೀನ ತಪ್ಪಿತ್ತು. ಕಾಲು ಬೇಗ ಸರಿಯಾಯಿತು, ಬೆರಳು ಮಾತ್ರ ಮಾತು ಕೇಳಲಿಲ್ಲ. ಅನ್ನ ಕಲಸಲು ಆಗುತ್ತಿರಲಿಲ್ಲ. ಶರ್ಟಿನ ಗುಂಡಿ ಮಗಳೇ ಹಾಕಬೇಕಿತ್ತು. ಫಿಸಿಯೋಥೆರಪಿ ಜೊತೆ ಟಿಡಿಸಿಎಸ್ (ತಲೆಯ ಮೇಲೆ ಪ್ಯಾಡ್ ಇಟ್ಟು ಮಿದುಳಿಗೆ ಸಣ್ಣ ಕರೆಂಟ್ ಹಾಯಿಸುವ ಚಿಕಿತ್ಸೆ) ಶುರು ಮಾಡಿ ಈಗ 14 ತಿಂಗಳು, ಮೂರು ಸುತ್ತು ಮುಗಿದಿವೆ. ಒಂದು ಸುತ್ತು ಅಂದರೆ ಎರಡು ವಾರ, ವಾರಕ್ಕೆ 5 ದಿನ, ದಿನಕ್ಕೆ 20 ನಿಮಿಷ.

ತಲೆಗೆ ಕರೆಂಟ್ ಅಂದ ಕೂಡಲೇ ಮನೆಯವರೆಲ್ಲ ಶಾಕ್ ಟ್ರೀಟ್‌ಮೆಂಟ್ ಅಂತ ಹೆದರಿದ್ದರು. ಇದು ಅದಲ್ಲ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಾಂಜ್ ಪ್ಯಾಡ್, ಪ್ಲಸ್ ಪ್ಯಾಡ್ ತಲೆಯ ಎಡಭಾಗದಲ್ಲಿ ಬಲಗೈಯನ್ನು ಆಡಿಸುವ ಜಾಗದ ಮೇಲೆ, ಇನ್ನೊಂದು ಬಲ ಹುಬ್ಬಿನ ಮೇಲೆ. ಬರೀ 2 ಮಿಲಿಆಂಪ್. ಮೊದಲು ಇರುವೆ ಹರಿದ ಹಾಗೆ ಚುರುಚುರು, ಆಮೇಲೆ ಗೊತ್ತೇ ಆಗುವುದಿಲ್ಲ.

ಮೊದಲ ಸುತ್ತು ಪೂರ್ತಿ ದಂಡ. ಅಲ್ಲಿ ಪ್ಯಾಡ್ ಕಟ್ಟಿ, ಮೆಷಿನ್ ಆನ್ ಮಾಡಿ, ನನ್ನನ್ನು ಸುಮ್ನೆ ಕೂರಿಸಿ ಹೋಗಿಬಿಡುತ್ತಿದ್ದರು. ಒಂದು ದಿನ ಸ್ಪಾಂಜ್ ಒಣಗಿ ಹಣೆಯ ಮೇಲೆ ಕಾಸಿನಗಲ ಸುಟ್ಟಿತು. ಕೈ ಇದ್ದ ಹಾಗೇ ಇತ್ತು.

ಎರಡನೇ ಸುತ್ತಿಗೆ ಬೇರೆ ಕಡೆ ಹೋದೆ. ಅಲ್ಲಿಯ ಥೆರಪಿಸ್ಟ್ ಮೇಡಂ ಕರೆಂಟ್ ಹರಿಯುತ್ತಿರುವಾಗಲೇ ಕೆಲಸ ಕೊಟ್ಟರು. ಒಂದು ಬಟ್ಟಲಿನ ಕಡಲೆಕಾಳನ್ನು ಒಂದೊಂದಾಗಿ ಎತ್ತಿ ಇನ್ನೊಂದಕ್ಕೆ ಹಾಕಬೇಕು, ಬಟ್ಟೆ ಕ್ಲಿಪ್ಪು ಹಗ್ಗಕ್ಕೆ ಸಿಕ್ಕಿಸಬೇಕು, ಹಳೇ ಶರ್ಟಿನ ಗುಂಡಿ ಹಾಕಿ ತೆಗೆಯಬೇಕು. ಬೆವರು ಬರುತ್ತಿತ್ತು. ಇದೆಲ್ಲ ಆಗಲೇ ಯಾಕೆ ಮಾಡಬೇಕು ಅಂತ ಕೇಳಿದಾಗ ಅವರು ಬಿಡಿಸಿ ಹೇಳಿದರು, ನನ್ನ ಮಟ್ಟಿಗೆ ಅದೇ ದೊಡ್ಡ ಉಪಕಾರ.

ಮಿದುಳಲ್ಲಿ ಗಾಬಾ ಅನ್ನುವ ರಾಸಾಯನಿಕ ಇದೆ, ಅದು ನರಕೋಶಗಳನ್ನು ತಡೆದು ಹಿಡಿಯುತ್ತದೆ. ಕೈ ಹೊಸದಾಗಿ ಏನಾದರೂ ಕಲಿಯಬೇಕಾದರೆ ಆ ಹಿಡಿತ ಕೊಂಚ ಸಡಿಲ ಆಗಬೇಕು. 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಷಾರ್ಲೆಟ್ ಸ್ಟ್ಯಾಗ್ ಮತ್ತು ಜೊತೆಯವರು ಎಂಆರ್‌ಐ ಯಂತ್ರದಲ್ಲೇ ಅಳೆದು ನೋಡಿದರು, ಪ್ಲಸ್ ಪ್ಯಾಡಿನ ಕೆಳಗೆ ಗಾಬಾ ಇಳಿದಿತ್ತು. 2011ರಲ್ಲಿ ಇನ್ನೊಂದು ವಿಷಯ ಕಂಡಿತು: ಯಾರಲ್ಲಿ ಗಾಬಾ ಜಾಸ್ತಿ ಇಳಿಯುತ್ತದೋ ಅವರೇ ಬೆರಳಿನ ಪಾಠವನ್ನೂ ಚೆನ್ನಾಗಿ ಕಲಿಯುತ್ತಾರೆ. ಅವರೆಲ್ಲ ಆರೋಗ್ಯವಂತರು, ನನ್ನಂಥ ರೋಗಿಗಳಲ್ಲ, ಅದು ನೆನಪಿರಲಿ. ಆದರೂ ನನಗೆ ತಟ್ಟನೆ ಅರ್ಥವಾಯಿತು. ಕರೆಂಟ್ ನೆಲ ಹದ ಮಾಡುತ್ತದೆ, ಮೊದಲ ಸುತ್ತಲ್ಲಿ ನಾವು ಬಿತ್ತಲೇ ಇಲ್ಲ!

ಫಲ ಆ ಕ್ಷಣಕ್ಕೆ ಕಾಣುವುದಿಲ್ಲ. ಸಂಜೆ ಎಷ್ಟು ಒದ್ದಾಡಿದರೂ ಸೇರದ ಗುಂಡಿ ಮರುದಿನ ಬೆಳಿಗ್ಗೆ ಸೇರುತ್ತಿತ್ತು. 2009ರಲ್ಲೇ ಅಮೆರಿಕದಲ್ಲಿ ಇದೇ ಥರ ಕರೆಂಟ್ ಕೊಟ್ಟು ಐದು ದಿನ ಅಭ್ಯಾಸ ಮಾಡಿಸಿ ನೋಡಿದಾಗಲೂ ಲಾಭ ಬಂದದ್ದು ಒಂದು ದಿನದಿಂದ ಇನ್ನೊಂದು ದಿನದ ನಡುವೆ ಅಂತೆ, ಹಾಗಾಗಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದನ್ನು ನಾನು ಬಿಟ್ಟೆ.

ಒಂದು ಸ್ಟಾರ್ ಕಡಿಮೆ ಯಾಕೆಂದರೆ ಇದು ಎಲ್ಲರಿಗೂ ಒಂದೇ ಥರ ಹಿಡಿಯುವುದಿಲ್ಲ. ನನ್ನ ಜೊತೆ ಬರುತ್ತಿದ್ದ ಒಬ್ಬ ಅಜ್ಜನವರಿಗೆ ಅದೇ ಮೆಷಿನ್, ಅದೇ ಮೇಡಂ, ಏನೂ ಆಗಲಿಲ್ಲ. ನನಗೆ ಆದದ್ದರಲ್ಲೂ ಅಭ್ಯಾಸದ ಪಾಲೆಷ್ಟು, ಕರೆಂಟಿನ ಪಾಲೆಷ್ಟು ಎಂದು ಬೇರೆ ಮಾಡಿ ಹೇಳಲಾರೆ. ಫಿಟ್ಸ್ ಬಂದವರು, ತಲೆಯೊಳಗೆ ಲೋಹದ ಕ್ಲಿಪ್ ಇರುವವರು ಡಾಕ್ಟರನ್ನು ಕೇಳದೆ ಹೋಗಬೇಡಿ. 9 ವೋಲ್ಟ್ ಬ್ಯಾಟರಿ ಕಟ್ಟಿಕೊಂಡು ಮನೆಯಲ್ಲೇ ಮಾಡುವ ವಿಡಿಯೋಗಳನ್ನಂತೂ ದಯವಿಟ್ಟು ನಂಬಬೇಡಿ.

ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಆ 20 ನಿಮಿಷ ನನ್ನ ಕೈಯಿಂದ ಏನು ಮಾಡಿಸುತ್ತೀರಿ? ಉತ್ತರ ಬರದಿದ್ದರೆ ಎದ್ದು ಬನ್ನಿ.

ಈಗ ಗುಂಡಿ ನಾನೇ ಹಾಕುತ್ತೇನೆ, ಮೊಸರನ್ನ ನಾನೇ ಕಲಸುತ್ತೇನೆ. ಸೂಜಿಗೆ ದಾರ ಪೋಣಿಸಲು ಇನ್ನೂ ಬರುತ್ತಿಲ್ಲ, ಮುಂದಿನ ತಿಂಗಳ ನಾಲ್ಕನೇ ಸುತ್ತಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.